ಬಚ್ಚಿಟ್ಟ ರಸ್ತೆ

1960ರ ಏಪ್ರಿಲ್‌ನಲ್ಲಿ ಚೀನಾ ಪ್ರಧಾನಿ ಚೌ ಎನ್‌ಲಾಯ್ ಗಡಿ ಮಾತುಕತೆಗೆ ದೆಹಲಿಗೆ ಬಂದಾಗ ನೆಹರೂ ಕೈ ಆಗಲೇ ಕಟ್ಟಿಹೋಗಿತ್ತು. ಕಟ್ಟಿದ್ದು ಯಾರು ಗೊತ್ತಾ? ನಮ್ಮದೇ ಜನ.

ಹಾಗಂತ ಜನರನ್ನು ದೂರೋ ಹಾಗಿಲ್ಲ. ಅಕ್ಸಾಯ್ ಚಿನ್‌ನಲ್ಲಿ ಚೀನಾ ರಸ್ತೆ ಹಾಕಿದ್ದಕ್ಕೆ ಸರ್ಕಾರ 1958ರ ಅಕ್ಟೋಬರ್‌ನಲ್ಲೇ ಗುಟ್ಟಾಗಿ ಪ್ರತಿಭಟನಾ ಪತ್ರ ಕಳಿಸಿತ್ತು. ಸಂಸತ್ತಿಗೆ ಹೇಳಿದ್ದು 1959ರ ಆಗಸ್ಟ್‌ನಲ್ಲಿ! ಅದೇ ವರ್ಷ ಅಕ್ಟೋಬರ್ 21ರಂದು ಲಡಾಖ್‌ನಲ್ಲಿ ನಮ್ಮ ಪೊಲೀಸರು ಚೀನೀಯರ ಗುಂಡಿಗೆ ಬಲಿಯಾದರು. 'ಭಾಯಿ ಭಾಯಿ' ಅಂದಿದ್ದ ಬಾಯಿಗಳೇ ತಿರುಗಿಬಿದ್ದವು.

ಪೂರ್ವದ್ದು ನಿಮಗಿರಲಿ, ಅಕ್ಸಾಯ್ ಚಿನ್ ನಮಗಿರಲಿ ಎಂಬ ಚೌ ಇಂಗಿತಕ್ಕೆ ಹೂಂ ಅಂದು ಸಂಸತ್ತಿಗೆ ಹೋಗೋ ಧೈರ್ಯ ಯಾರಿಗಿತ್ತು? ಆಗ ಕಾವೇರಿಸೋಕೆ ನಮ್ಮಂಥ ಚಾನೆಲ್ ಒಂದೂ ಇರಲಿಲ್ಲ, ನೆನಪಿರಲಿ. ಚೌ ಬರಿಗೈಲಿ ವಾಪಸಾದರು.

1962ರ ಅಕ್ಟೋಬರ್ 20ಕ್ಕೆ ಯುದ್ಧ. ನವೆಂಬರ್ 14ರಂದು, ಸೋಲಿನ ನಡುವೆಯೇ, ಹೋರಾಟ ಎಷ್ಟೇ ದೀರ್ಘವಾಗಲಿ ಆಕ್ರಮಣಕಾರರನ್ನು ಹೊರಗಟ್ಟುತ್ತೇವೆ ಎಂದು ಸಂಸತ್ತು ನಿರ್ಣಯ ಮಾಡಿತು. ಅದನ್ನು ಇವತ್ತಿನವರೆಗೂ ಯಾವ ಸರ್ಕಾರವೂ ವಾಪಸ್ ಪಡೆದಿಲ್ಲ.