ಬ್ರೂಸ್ ಕಾನರ್: ಒಂದು ಸ್ಮರಣಪ್ರದರ್ಶನ ಮತ್ತು ಚರಿತ್ರೆಯ ಆಧಾರಗಳು

1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸ್ಪಾಟ್ಸಾ ಗ್ಯಾಲರಿಯಲ್ಲಿ ‘ದಿವಂಗತ ಬ್ರೂಸ್ ಕಾನರನ ಕೃತಿಗಳು’ ಎಂಬ ಪ್ರದರ್ಶನವೊಂದು ನಡೆಯಿತು. ಕಲಾವಿದನಾದರೋ ಜೀವಂತನಾಗಿಯೇ ಇದ್ದನು! ತನ್ನ ಮರಣವನ್ನು ಹೀಗೆ ಮುಂಚಿತವಾಗಿಯೇ ಸಾರಿದ ಆತನು ನಿಜವಾಗಿ ಕಾಲವಾದುದು 2008ರ ಜುಲೈ 7ರಂದು. ಆತನ ಅರ್ಧ ಶತಮಾನದ ಸಾಧನೆಯನ್ನು ಒಟ್ಟುಗೂಡಿಸಿದ ‘ಇಟ್ಸ್ ಆಲ್ ಟ್ರೂ’ ಎಂಬ ಪ್ರದರ್ಶನವು 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಆರಂಭವಾಗಿ, ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಮ್ಯಾಡ್ರಿಡ್ ನಗರಗಳಿಗೆ ಹೋಯಿತು. ಕಲಾವಿಮರ್ಶೆ ಪ್ರಸ್ತುತ ಲೇಖನದ ಉದ್ದೇಶವಲ್ಲ. ಆಧಾರಗಳ ಯೋಗ್ಯಾಯೋಗ್ಯತೆಯನ್ನು ಕುರಿತು ಈ ಪ್ರದರ್ಶನವು ಎಬ್ಬಿಸುವ ವಿಚಾರವಷ್ಟೇ ಇಲ್ಲಿ ನಮಗೆ ಮುಖ್ಯ.

1933ರಲ್ಲಿ ಕಾನ್ಸಾಸ್ ಸಂಸ್ಥಾನದಲ್ಲಿ ಜನಿಸಿದ ಕಾನರನು 1957ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ಜನರು ಎಸೆದ ಹರಕು ಮುರುಕು ವಸ್ತುಗಳನ್ನು ಜೋಡಿಸಿ ಶಿಲ್ಪಗಳನ್ನು ರಚಿಸಿದನು. ಇವುಗಳಲ್ಲಿ ‘ಚೈಲ್ಡ್’ ಎಂಬುದು ಅತ್ಯಂತ ಘೋರವಾದುದು. ಶಿಶುಗಳನ್ನು ಕೂರಿಸುವ ಎತ್ತರದ ಕುರ್ಚಿಯಲ್ಲಿ ಮೇಣದ ದೇಹವೊಂದು ತಲೆ ಹಿಂದಕ್ಕೆಸೆದು, ಬಾಯಿ ತೆರೆದು ಕುಳಿತಿದೆ. ಅದರ ಸುತ್ತ ಜೇಡರ ಬಲೆಯಂತೆ ಹರಿದ ನೈಲಾನ್ ಕಾಲುಚೀಲ. ಕೊಲೆಯ ಅಪರಾಧವಿಲ್ಲದೆಯೇ 1948ರಲ್ಲಿ ಮರಣದಂಡನೆಗೆ ಗುರಿಯಾಗಿ, 1960ರ ಮೇ 2ರಂದು ಸ್ಯಾನ್ ಕ್ವೆಂಟಿನ್ ಕಾರಾಗೃಹದ ವಿಷಾನಿಲದ ಕೋಣೆಯಲ್ಲಿ ಪ್ರಾಣಬಿಟ್ಟ ಕ್ಯಾರಿಲ್ ಚೆಸ್‌ಮನ್ನನ ಪ್ರಕರಣವೇ ಇದಕ್ಕೆ ಪ್ರೇರಣೆ. ಕಾಲಕ್ರಮದಲ್ಲಿ ಶಿಥಿಲಗೊಂಡಿದ್ದ ಈ ಶಿಲ್ಪವನ್ನು ಹಳೆಯ ಛಾಯಾಚಿತ್ರಗಳ ಸಹಾಯದಿಂದ ಸರಿಪಡಿಸಿ ಪ್ರದರ್ಶನಕ್ಕೆ ತಂದರು. ಶಾಸನಗಳ ಸಂಪಾದಕನು ತಾನು ಊಹಿಸಿ ತುಂಬಿದ ಲುಪ್ತಾಕ್ಷರಗಳನ್ನು ಕಂಸದೊಳಗಿಡುತ್ತಾನೆ. ಮೇಣದ ಮುಖದಲ್ಲಿ ಕಂಸಕ್ಕೆ ಎಡೆಯೆಲ್ಲಿ? ಆದರೂ ದುರಸ್ತಿ ಮಾಡಿದುದು ಯುಕ್ತವೆಂದೇ ನಮ್ಮ ಅಭಿಪ್ರಾಯ. ಬರಿಯ ಮೇಣದ ಮುದ್ದೆಯಿಂದ ಚೆಸ್‌ಮನ್ನನ ಸಂಗತಿ ಯಾರಿಗೂ ತಿಳಿಯುವಂತಿರಲಿಲ್ಲ.

1964ರ ಸುಮಾರಿಗೆ ಕಾನರನು ಜೋಡಣೆಯ ಶಿಲ್ಪವನ್ನು ಕೈಬಿಟ್ಟನು. ಆದರೆ ಅದೇ ವಿಧಾನವನ್ನು ಚಲಚ್ಚಿತ್ರದಲ್ಲಿ ಆತನು 1958ರಲ್ಲಿಯೇ ಪ್ರಯೋಗಿಸಿದ್ದನು. ‘ಎ ಮೂವಿ’ ಎಂಬ 12 ನಿಮಿಷಗಳ ಚಿತ್ರವು ಪರರು ತೆಗೆದ ವಾರ್ತಾಚಿತ್ರಾದಿಗಳ ತುಣುಕುಗಳಿಂದಲೇ ಆದುದು. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತಲೂ ಮುಖ್ಯವಾದುದು 1976ರ ‘ಕ್ರಾಸ್‌ರೋಡ್ಸ್’. 1946ರ ಜುಲೈ 25ರಂದು ಬಿಕಿನಿ ದ್ವೀಪವಲಯದಲ್ಲಿ ಅಮೆರಿಕವು ನೀರಿನಡಿಯಲ್ಲಿ ಸಿಡಿಸಿದ ಪರಮಾಣು ಬಾಂಬಿನ ಸರ್ಕಾರಿ ಚಿತ್ರಗಳನ್ನು ಪಡೆದು, ಕಾನರನು ಅದೇ ಸ್ಫೋಟವನ್ನು 36 ನಿಮಿಷಗಳ ಕಾಲ ಬೇರೆ ಬೇರೆ ಕೋನಗಳಿಂದ ಪುನಃ ಪುನಃ ತೋರಿಸುತ್ತಾನೆ. ನೀರಿನ ಕಂಬವು ನಿಧಾನವಾಗಿ ಮೇಲೇಳುತ್ತದೆ, ಹಡಗುಗಳು ಆಟಿಕೆಗಳಂತೆ ಮರೆಯಾಗುತ್ತವೆ. ಕಡೆಗೆ ಟೆರಿ ರೈಲಿಯ ಸಂಗೀತದಲ್ಲಿ ನೋಡುವವನಿಗೆ ಭಯವೇ ಮರೆತುಹೋಗುತ್ತದೆ. ಈ ಸೌಂದರ್ಯವನ್ನು ನಾವು ಸಂಶಯದಿಂದಲೇ ನೋಡಬೇಕು. ಅದೇ ವರ್ಷದ ಮಾರ್ಚಿಯಲ್ಲಿ ಆ ದ್ವೀಪದಿಂದ ಸ್ಥಳಾಂತರಿಸಲ್ಪಟ್ಟ 167 ಮಂದಿ ನಿವಾಸಿಗಳ ಸುಳಿವು ಈ ಚಿತ್ರದಲ್ಲಿಲ್ಲ.

ಇದು ಕಾನರನೊಬ್ಬನ ದೋಷವೆಂದು ಹೇಳಲಾಗದು. ಸ್ಫೋಟದ ಕಡೆಗೆ ತಿರುಗಿಸಿದ್ದ ಕ್ಯಾಮೆರಾಗಳಲ್ಲಿ ಅವರು ಕಾಣುವಂತೆಯೇ ಇರಲಿಲ್ಲ. ಆ ಜನರನ್ನು ತೋರಿಸುವ ಸರ್ಕಾರಿ ಚಿತ್ರಗಳೂ ಉಂಟು. ಆದರೆ ಅವರನ್ನು ಒಪ್ಪಿಸಿದರೆಂಬ ಮಾತುಕತೆಯನ್ನು, ಅದು ನಡೆದುಹೋದ ಮೇಲೆ, ಕ್ಯಾಮೆರಾದ ಮುಂದೆ ಅವರಿಂದಲೇ ಮತ್ತೆ ಮತ್ತೆ ಅಭಿನಯಿಸಿ ಚಿತ್ರಿಸಿಕೊಳ್ಳಲಾಯಿತು. ‘ಕ್ರಾಸ್‌ರೋಡ್ಸ್’ ಚಿತ್ರವನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು ಈ ಚಿತ್ರಭಾಗವನ್ನೂ ಅದರೊಡನೆ ತೋರಿಸುವುದು ಒಳ್ಳೆಯದು.