ಪಹಣಿ ಗಣಕಯಂತ್ರಕ್ಕೆ ಬಂದ ಬಗೆ



ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ತೋಟಗಳೂ ದ್ರಾಕ್ಷಿ ಚಪ್ಪರಗಳೂ ಕಾಣುತ್ತವೆ. ಇಲ್ಲಿನ ರೈತ ಬ್ಯಾಂಕಿನಲ್ಲಿ ಬೆಳೆಸಾಲ ಕೇಳಲಿ, ಅಣ್ಣತಮ್ಮಂದಿರೊಡನೆ ಆಸ್ತಿ ಭಾಗ ಮಾಡಿಕೊಳ್ಳಲಿ, ನ್ಯಾಯಾಲಯದಲ್ಲಿ ಯಾರಿಗಾದರೂ ಜಾಮೀನು ನಿಲ್ಲಲಿ, ಅವನನ್ನು ಮೊದಲು ಕೇಳುವ ಕಾಗದ ಒಂದೇ. ಅದೇ ಪಹಣಿ. ಜಮೀನು ಎಷ್ಟು, ಯಾರದು, ಅದರ ಮೇಲೆ ಯಾವ ಸಾಲವಿದೆ, ಈ ವರ್ಷ ಏನು ಬೆಳೆದಿದೆ ಎಂಬುದನ್ನೆಲ್ಲ ಹೇಳುವ ಈ ದಾಖಲೆಗೆ ಕಚೇರಿಯ ಭಾಷೆಯಲ್ಲಿ ಆರ್‌.ಟಿ.ಸಿ. ಎಂದು ಹೆಸರು.

ನಿಮ್ಮ ಅಜ್ಜನ ಕಾಲದಲ್ಲಿ ಈ ಕಾಗದ ಕೈಬರಹದಲ್ಲಿತ್ತು. ಈಗ ಅದು ಗಣಕಯಂತ್ರದಿಂದ ಅಚ್ಚಾಗಿ ಬರುತ್ತದೆ. ಈ ಬದಲಾವಣೆ ಹೇಗಾಯಿತು ಎಂದು ಕೇಳಿದರೆ, ಸರ್ಕಾರ ಕಂಪ್ಯೂಟರ್ ಕೊಂಡಿತು, ಆದ್ದರಿಂದ ಆಯಿತು ಎಂದು ಹಲವರು ಉತ್ತರಿಸುತ್ತಾರೆ. ಇತಿಹಾಸ ಹೇಳುವುದು ಬೇರೆ. ಕಂಪ್ಯೂಟರ್ ಕೊಂಡ ಮೊದಲ ಸಲ ಕೆಲಸ ಕೈಗೂಡಲಿಲ್ಲ. ಸರಿಯಾದ ಜನರನ್ನು ಸೇರಿಸಿ ಒಂದು ತಂಡ ಕಟ್ಟಿದ ಮೇಲೆಯೇ ಅದು ಕೈಗೂಡಿತು. ಇಂದು ಯಾವುದೇ ಕಂಪನಿ ತನ್ನ ವ್ಯವಹಾರವನ್ನೆಲ್ಲ ಗಣಕಯಂತ್ರಕ್ಕೆ ಒಪ್ಪಿಸಲು ಹೊರಟಾಗ ಎದುರಿಸುವ ಪ್ರಶ್ನೆಯೂ ಇದೇ: ಈ ಕೆಲಸಕ್ಕೆ ಯಾರು ಯಾರು ಬೇಕು? ಈ ಪ್ರಶ್ನೆಗೆ ಕರ್ನಾಟಕದ ‘ಭೂಮಿ’ ಯೋಜನೆ ಕೊಟ್ಟ ಉತ್ತರವನ್ನು ಈ ಲೇಖನದಲ್ಲಿ ನೋಡೋಣ.

ಶಾನುಭೋಗರ ದಫ್ತರ

ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿತ್ತು. ಆ ಹುದ್ದೆ ವಂಶಪಾರಂಪರ್ಯವಾಗಿ ಬರುತ್ತಿತ್ತು. ಯಾವ ಹೊಲ ಯಾರದು, ಬದು ಎಲ್ಲಿದೆ, ಯಾರ ತಂದೆ ಯಾರಿಗೆ ಕ್ರಯ ಮಾಡಿಕೊಟ್ಟರು ಎಂಬುದು ಅವರ ದಫ್ತರದಲ್ಲಿ ಎಷ್ಟಿತ್ತೋ ನೆನಪಿನಲ್ಲಿಯೂ ಅಷ್ಟೇ ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ಈ ಪದ್ಧತಿ ಕೊನೆಗೊಂಡಿತು. 1963ರಿಂದ ಕಾಯಿದೆ ಜಾರಿಗೆ ಬಂದು, ಶಾನುಭೋಗರ ಜಾಗಕ್ಕೆ ಸರ್ಕಾರದ ಸಂಬಳ ಪಡೆಯುವ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯಿದೆ ದಾಖಲೆಗಳನ್ನು ಇಡಬೇಕಾದ ಕ್ರಮವನ್ನು ಗೊತ್ತುಪಡಿಸಿತು.

ಪಹಣಿಯ ಒಂದು ಸಾಲು ಒಂದು ಕುಟುಂಬದ ಹಣೆಬರಹವನ್ನೇ ಬದಲಿಸಬಲ್ಲದು ಎಂಬುದಕ್ಕೆ ಭೂಸುಧಾರಣೆಯ ದಿನಗಳೇ ಸಾಕ್ಷಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಗೇಣಿಗೆ ಉಳುತ್ತಿದ್ದವರು ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಭೂಮಿಯ ಒಡೆತನ ಕೇಳಬಹುದಾಗಿತ್ತು. ಆಗ ಉಳುವವನ ಹೆಸರು ಪಹಣಿಯಲ್ಲಿ ಇದೆಯೇ ಇಲ್ಲವೇ ಎಂಬುದು ದೊಡ್ಡ ಪುರಾವೆಯಾಯಿತು. ಹೆಸರು ಇದ್ದವರ ದಾರಿ ಸುಲಭವಾಯಿತು. ಇಲ್ಲದವರು ತಾವು ಉತ್ತಿದ್ದನ್ನು ಸಾಬೀತು ಮಾಡಲು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು.

ಇಂಥ ಬೆಲೆಯುಳ್ಳ ದಾಖಲೆ ಒಬ್ಬ ಮನುಷ್ಯನ ಕೈಯಲ್ಲಿ ಮಾತ್ರ ಇದ್ದರೆ ಏನಾಗಬಹುದು? 1990ರ ದಶಕದ ಕೊನೆಯ ಹೊತ್ತಿಗೆ ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿಗಳ ಹೊಣೆ. ಅವರಲ್ಲಿ ಪ್ರಾಮಾಣಿಕರು ಇರಲಿಲ್ಲವೆಂದಲ್ಲ. ಆದರೆ ಅವರು ಯಾವ ದಿನ ಯಾವ ಊರಿನಲ್ಲಿರುತ್ತಾರೆ ಎಂದು ರೈತನಿಗೆ ತಿಳಿಯುತ್ತಿರಲಿಲ್ಲ. ಒಂದು ಪಹಣಿಗಾಗಿ ವಾರಗಟ್ಟಲೆ ತಿರುಗುವುದು, ಕೈ ಬೆಚ್ಚಗೆ ಮಾಡಿ ಕಾಗದ ಪಡೆಯುವುದು ಸಾಮಾನ್ಯವಾಗಿತ್ತು. ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಆಗಬೇಕಾದ ಪೌತಿ ಖಾತೆ ವರ್ಷಗಟ್ಟಲೆ ನಿಂತುಹೋಗುತ್ತಿತ್ತು. ಬರೆದದ್ದು ಸರಿಯೇ ಎಂದು ಪರೀಕ್ಷಿಸುವ ದಾರಿ ರೈತನಿಗೆ ಇರಲಿಲ್ಲ.

ಯಂತ್ರ ಬಂತು, ಕೆಲಸ ಬದಲಾಗಲಿಲ್ಲ

ಭೂದಾಖಲೆಗಳನ್ನು ಗಣಕೀಕರಿಸುವ ಯೋಜನೆಯನ್ನು ಕೇಂದ್ರ ಸರ್ಕಾರವೇ ಆರಂಭಿಸಿತ್ತು. ಕರ್ನಾಟಕದಲ್ಲಿ 1991ರಲ್ಲಿ ಗುಲ್ಬರ್ಗ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯನ್ನು ಪ್ರಯೋಗಕ್ಕೆ ಆರಿಸಲಾಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಆದರೂ ರೈತನ ಅನುಭವದಲ್ಲಿ ಏನೂ ಬದಲಾಗಲಿಲ್ಲ. ಇದಕ್ಕೆ ಕಾರಣವೇನೆಂಬುದನ್ನು ನಾವು ಗಮನವಿಟ್ಟು ನೋಡಬೇಕು.

ದಾಖಲೆಗಳು ನಿತ್ಯ ಬದಲಾಗುತ್ತಿದ್ದುದು ತಾಲ್ಲೂಕಿನಲ್ಲಿ. ತಾಲ್ಲೂಕು ಮಟ್ಟದಲ್ಲಿ ಗಣಕಯಂತ್ರ ಇಡುವ ಏರ್ಪಾಡು ಮಾತ್ರ ಆ ಯೋಜನೆಯಲ್ಲಿ ಇರಲಿಲ್ಲ. ಹೊಲ ಮಾರಾಟವಾದರೆ ಗ್ರಾಮ ಲೆಕ್ಕಿಗರು ತಮ್ಮ ಪುಸ್ತಕದಲ್ಲಿ ತಿದ್ದುತ್ತಿದ್ದರು. ಯಂತ್ರದೊಳಗಿನ ಮಾಹಿತಿ ಹಳೆಯದಾಗಿಯೇ ಉಳಿಯುತ್ತಿತ್ತು. ಪುಸ್ತಕದ ಪಹಣಿ ಒಂದು ಹೇಳಿದರೆ ಯಂತ್ರದ ಪಹಣಿ ಇನ್ನೊಂದು ಹೇಳುವಂತಾದ ಮೇಲೆ, ಯಂತ್ರದ್ದನ್ನು ಯಾರು ನಂಬುತ್ತಾರೆ? ದಾಖಲೆ ಬಲ್ಲವರಿಗೆ ಯಂತ್ರದ ಸಂಪರ್ಕವಿರಲಿಲ್ಲ, ಯಂತ್ರ ಬಲ್ಲವರಿಗೆ ದಾಖಲೆಯ ಹೊಣೆಯಿರಲಿಲ್ಲ. ಹೀಗೆ ಇಬ್ಬರನ್ನೂ ಸೇರಿಸುವ ಕೊಂಡಿ ಇಲ್ಲದೆ ಮೊದಲ ಯತ್ನ ಸೊರಗಿತು.

ತಂಡದ ರಚನೆ

ಈ ಸೋಲಿನಿಂದ ಕಲಿತ ಪಾಠವೇ ‘ಭೂಮಿ’. ಎಸ್‌.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಭಾರತೀಯ ಆಡಳಿತ ಸೇವೆಯ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಕಂದಾಯ ಇಲಾಖೆ ಈ ಕೆಲಸವನ್ನು ಹೊಸದಾಗಿ ಕೈಗೆತ್ತಿಕೊಂಡಿತು. ಈ ತಂಡದಲ್ಲಿ ಯಾರು ಯಾರಿದ್ದರು, ಏಕೆ ಇದ್ದರು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯವರು, ಕೆಲಸದ ಬೆನ್ನು ಬಿಡದ ಮುಂದಾಳು. ಸರ್ಕಾರಿ ಯೋಜನೆಗಳು ಹಲವು ಸಲ ಅಧಿಕಾರಿಯ ವರ್ಗಾವಣೆಯೊಂದಿಗೇ ಮರೆತುಹೋಗುತ್ತವೆ. ಇಲ್ಲಿ ಹಾಗಾಗಲಿಲ್ಲ. ಚಾವ್ಲಾ ಅವರು ಹಲವು ವರ್ಷ ಇದೇ ಕೆಲಸದಲ್ಲಿದ್ದರು. ಮುಖ್ಯಮಂತ್ರಿಯ ಬೆಂಬಲ ಅವರ ಹಿಂದಿತ್ತು.

ಎರಡನೆಯವರು, ತಂತ್ರಜ್ಞರು. ಯೋಜನೆಯ ತಂತ್ರಾಂಶವನ್ನು ಸಿದ್ಧಪಡಿಸಿದ್ದು ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್‌ನ ಬೆಂಗಳೂರು ಘಟಕ. ಅದು ಕನ್ನಡದಲ್ಲಿಯೇ ಕೆಲಸ ಮಾಡುವಂತಿರಬೇಕಿತ್ತು, ಭೂಕಂದಾಯ ಕಾಯಿದೆ ಹೇಳಿದ ಕ್ರಮದಲ್ಲಿಯೇ ನಡೆಯಬೇಕಿತ್ತು. ಕಾಯಿದೆ ಬಲ್ಲ ಕಂದಾಯ ನೌಕರರ ನೆರವಿಲ್ಲದೆ ತಂತ್ರಜ್ಞರು ಮಾತ್ರ ಕುಳಿತು ಮಾಡುವ ಕೆಲಸ ಅದಾಗಿರಲಿಲ್ಲ.

ಮೂರನೆಯವರು, ಎಲ್ಲರಿಗಿಂತ ಮುಖ್ಯರಾದವರು, ಗ್ರಾಮ ಲೆಕ್ಕಿಗರು. ಹೊಸ ವ್ಯವಸ್ಥೆಯಿಂದ ಅಧಿಕಾರ ಕಳೆದುಕೊಳ್ಳುವವರು ಇವರೇ. ಹಾಗೆಂದು ಇವರನ್ನು ಹೊರಗಿಟ್ಟಿದ್ದರೆ ಏನಾಗುತ್ತಿತ್ತು? ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಯಂತ್ರಕ್ಕೆ ತುಂಬಬೇಕಿತ್ತು. ಕೀಲಿಮಣೆ ಒತ್ತುವ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಲಾಯಿತು. ಆದರೆ ಒತ್ತಿದವರಿಗೆ ಸರ್ವೆ ನಂಬರಿನ ಹಿಸ್ಸಾ ಯಾವುದು, ಮಾಸಿದ ಅಕ್ಷರದಲ್ಲಿರುವುದು ‘ಮುನಿಯಪ್ಪ’ನೋ ‘ಮುನಿಶಾಮಪ್ಪ’ನೋ ಎಂದು ತಿಳಿಯುವುದು ಹೇಗೆ? ಅದು ತಿಳಿದಿದ್ದುದು ಗ್ರಾಮ ಲೆಕ್ಕಿಗರಿಗೆ ಮಾತ್ರ. ಅಚ್ಚಾದ ಪ್ರತಿಯನ್ನು ಮೂಲ ಪುಸ್ತಕದೊಡನೆ ತಾಳೆ ನೋಡಿ, ತಿದ್ದಿ, ಸಹಿ ಹಾಕುವ ಹೊಣೆ ಅವರದಾಯಿತು.

ಇಷ್ಟಕ್ಕೇ ನಿಲ್ಲಲಿಲ್ಲ. ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಗಣಕಯಂತ್ರದ ಮುಂದೆ ಕೂರಿಸಿದ್ದೂ ಹೊರಗಿನವರನ್ನಲ್ಲ. ತರಬೇತಿ ಪಡೆದ ಗ್ರಾಮ ಲೆಕ್ಕಿಗರನ್ನೇ ಅಲ್ಲಿ ನೇಮಿಸಲಾಯಿತು. ನಿನ್ನೆಯವರೆಗೆ ಪುಸ್ತಕ ಬರೆಯುತ್ತಿದ್ದ ನೌಕರವರ್ಗವೇ ಹೊಸ ಯಂತ್ರಕ್ಕೂ ಒಡೆಯರಾಯಿತು. ಭಯವಿದ್ದ ಕಡೆ ಹೆಮ್ಮೆ ಬರಲು ಇದು ದಾರಿಯಾಯಿತು.

ನಾಲ್ಕನೆಯವರು, ಮೇಲ್ವಿಚಾರಕರಾದ ಶಿರಸ್ತೇದಾರರು ಮತ್ತು ತಹಶೀಲ್ದಾರರು. ಖಾತೆ ಬದಲಾವಣೆಗೆ ಅರ್ಜಿ ಬಂದರೆ ಯಂತ್ರವೇ ಅದಕ್ಕೆ ಸರತಿಯ ಸಂಖ್ಯೆ ಕೊಡುತ್ತದೆ. ನೋಟಿಸು ಅಚ್ಚಾಗುತ್ತದೆ. ಗ್ರಾಮ ಲೆಕ್ಕಿಗರು ಅದನ್ನು ಜಾರಿ ಮಾಡುತ್ತಾರೆ. ನಿಗದಿತ ಅವಧಿಯೊಳಗೆ ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ಆದೇಶ ಮಾಡುತ್ತಾರೆ. ಆ ಆದೇಶದ ಪ್ರತಿಬಿಂಬ ಯಂತ್ರದಲ್ಲಿ ಉಳಿಯುತ್ತದೆ. ದಾಖಲೆ ತಿದ್ದುವ ನೌಕರರು ತಮ್ಮ ಬೆರಳಚ್ಚು ಕೊಟ್ಟೇ ಯಂತ್ರವನ್ನು ತೆರೆಯಬೇಕು. ಯಾರು, ಯಾವಾಗ, ಏನು ತಿದ್ದಿದರು ಎಂಬುದು ಅಲ್ಲಿಯೇ ದಾಖಲಾಗುತ್ತದೆ. ಮೊದಲು ಬಂದ ಅರ್ಜಿಯನ್ನು ಬದಿಗಿಟ್ಟು ಬೇಕಾದವರ ಅರ್ಜಿಯನ್ನು ಮುಂದೆ ತರುವಂತಿಲ್ಲ. ಒಬ್ಬರೇ ಎಲ್ಲವನ್ನೂ ಮಾಡಲಾಗದಂತೆ ಕೆಲಸವನ್ನು ಹಂಚಿದ್ದೇ ಇದರ ಮರ್ಮ.

ಐದನೆಯವನು, ಕಿಟಕಿಯ ಈಚೆ ನಿಂತ ರೈತ. ಅವನೂ ತಂಡದಲ್ಲಿ ಒಬ್ಬ. ಭೂಮಿ ಕೇಂದ್ರದಲ್ಲಿ ನೌಕರರ ಪರದೆಯಲ್ಲದೆ ಸಾರ್ವಜನಿಕರ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯೂ ಇತ್ತು. ತನ್ನ ಜಮೀನಿನ ವಿವರ ಅಲ್ಲಿ ಮೂಡುವುದನ್ನು ರೈತ ಕಣ್ಣಾರೆ ನೋಡಿ, ತಪ್ಪಿದ್ದರೆ ಅಲ್ಲಿಯೇ ಹೇಳಬಹುದಾಗಿತ್ತು. ಕೈಬರಹದ ಕಾಲದಲ್ಲಿ ಅವನಿಗೆ ಇಲ್ಲದಿದ್ದ ಅಧಿಕಾರ ಇದು.

ಫಲ ಮತ್ತು ಕೊರತೆ

2001ರಲ್ಲಿ ಬಳಕೆಗೆ ಬಂದ ಭೂಮಿ ಕೇಂದ್ರಗಳು 2002ರ ಹೊತ್ತಿಗೆ ರಾಜ್ಯದ ಎಲ್ಲ 177 ತಾಲ್ಲೂಕುಗಳನ್ನು ತಲುಪಿದವು. ಒಂದು ತಾಲ್ಲೂಕಿನಲ್ಲಿ ಕೇಂದ್ರ ಸಿದ್ಧವಾದೊಡನೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಲಾಯಿತು. ಈ ನಿರ್ಧಾರ ಬಹಳ ದೊಡ್ಡದು. ಹಳೆಯದೂ ಹೊಸದೂ ಅಕ್ಕಪಕ್ಕದಲ್ಲಿ ನಡೆದಿದ್ದರೆ 1990ರ ದಶಕದ ಗೊಂದಲವೇ ಮರುಕಳಿಸುತ್ತಿತ್ತು. 15 ರೂಪಾಯಿ ಶುಲ್ಕ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಪಹಣಿ ಕೈಗೆ ಬಂತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ವ್ಯವಸ್ಥೆಯಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ 66 ಮಂದಿ, ಭೂಮಿ ಕೇಂದ್ರದಲ್ಲಿ ಕೊಟ್ಟೆವೆಂದವರು ನೂರಕ್ಕೆ 3 ಮಂದಿ.

ಆದರೆ ಇತಿಹಾಸದ ವಿದ್ಯಾರ್ಥಿಗಳು ನಾಣ್ಯದ ಒಂದೇ ಮುಖವನ್ನು ನೋಡಬಾರದು. ಊರಿಗೆ ಬರುತ್ತಿದ್ದ ದಾಖಲೆ ತಾಲ್ಲೂಕಿಗೆ ಹೋದದ್ದರಿಂದ ವಿಜಯಪುರದ ಕಡೆಯ ರೈತ ಒಂದು ಕಾಗದಕ್ಕಾಗಿ ದೇವನಹಳ್ಳಿಗೆ ಬಸ್ಸು ಹತ್ತಬೇಕಾಯಿತು. ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ ಸೇವೆ ಬಲಗೊಂಡ ಮೇಲೆ, ಅದರಲ್ಲೂ 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದ ಮೇಲೆ, ಈ ತೊಂದರೆ ತಗ್ಗಿತು.

ಇನ್ನೊಂದು ಟೀಕೆ ಇದಕ್ಕಿಂತ ಆಳವಾದದ್ದು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ, ದಾಖಲೆಗಳು ಒಂದೆಡೆ ಸೇರಿದ್ದರಿಂದ ಸಣ್ಣ ರೈತನಿಗಿಂತ ಬೆಂಗಳೂರಿನ ಸುತ್ತ ಭೂಮಿ ಹುಡುಕುತ್ತಿದ್ದ ದೊಡ್ಡ ಕೊಳ್ಳುಗರಿಗೆ ಹೆಚ್ಚು ಅನುಕೂಲವಾಯಿತು ಎಂದು ವಾದಿಸಿತು. ಎಲ್ಲರೂ ಈ ವಾದವನ್ನು ಒಪ್ಪುವುದಿಲ್ಲ. ಆದರೆ ದೇವನಹಳ್ಳಿ ತಾಲ್ಲೂಕಿನವರು ಇದನ್ನು ತಳ್ಳಿಹಾಕುವಂತಿಲ್ಲ. ಸುಮಾರು 4,000 ಎಕರೆ ಭೂಮಿಯಲ್ಲಿ 2008ರ ಮೇ ತಿಂಗಳಿನಲ್ಲಿ ಇಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಆ ಮೇಲೆ ಸುತ್ತಲಿನ ಒಂದೊಂದು ಗುಂಟೆಗೂ ಬೆಲೆ ಬಂದಿತು. ಇಂಥ ಕಡೆ ಪಹಣಿಯ ಕಾಲಂ 9ರಲ್ಲಿ ಯಾರ ಹೆಸರಿದೆ ಎಂಬ ಪ್ರಶ್ನೆ ಎಷ್ಟು ಬಿಸಿಯಾದದ್ದೆಂದು ನೀವೇ ಊಹಿಸಬಹುದು. ಪುಸ್ತಕದಲ್ಲಿದ್ದ ತಪ್ಪನ್ನು ಯಂತ್ರ ತಾನಾಗಿ ತಿದ್ದುವುದಿಲ್ಲ. ತಪ್ಪನ್ನೂ ಅಷ್ಟೇ ಚೊಕ್ಕಟವಾಗಿ ಅಚ್ಚು ಹಾಕಿಕೊಡುತ್ತದೆ.

ಕಲಿಯಬೇಕಾದ ಪಾಠ

ಗ್ರಾಮ ಲೆಕ್ಕಿಗರನ್ನು ಈಗ ಗ್ರಾಮ ಆಡಳಿತ ಅಧಿಕಾರಿಗಳೆಂದು ಕರೆಯುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ, ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಸಾಕಷ್ಟು ಸೌಲಭ್ಯ ಕೊಡದೆ ಒಂದರ ಮೇಲೊಂದು ಮೊಬೈಲ್ ಆ್ಯಪ್‌ಗಳ ಕೆಲಸವನ್ನು ತಮ್ಮ ಮೇಲೆ ಹೇರಲಾಗುತ್ತಿದೆ ಎಂಬುದು ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಇದನ್ನು ಕೇಳಿದಾಗ ನಮಗೆ ಭೂಮಿಯ ಆರಂಭದ ದಿನಗಳು ನೆನಪಾಗಬೇಕು. ಅಂದು ಅವರಿಗೆ ತರಬೇತಿ ಕೊಟ್ಟು, ಹೊಣೆ ಕೊಟ್ಟು, ಯಂತ್ರದ ಮುಂದೆ ಕೂರಿಸಿದ್ದರಿಂದಲೇ ಕೆಲಸ ಸಾಗಿತು. ತಂಡವನ್ನು ಒಮ್ಮೆ ಕಟ್ಟಿ ಬಿಟ್ಟರೆ ಸಾಲದು. ಹೊಸ ಯಂತ್ರ ಬಂದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕಾಗುತ್ತದೆ.

ನಿಮ್ಮಲ್ಲಿ ಕೆಲವರು ನಾಳೆ ಬ್ಯಾಂಕಿನಲ್ಲಿ, ಕಾರ್ಖಾನೆಯಲ್ಲಿ, ತಂತ್ರಾಂಶ ಕಂಪನಿಯಲ್ಲಿ ಕೆಲಸಕ್ಕೆ ಸೇರುವಿರಿ. ಹಳೆಯ ಕಡತಗಳನ್ನು ಗಣಕಯಂತ್ರಕ್ಕೆ ಏರಿಸುವ ಹೊಣೆ ನಿಮ್ಮ ಪಾಲಿಗೂ ಬರಬಹುದು. ಆಗ ಆ ಕಡತಗಳನ್ನು ಇಪ್ಪತ್ತು ವರ್ಷ ಬರೆದ ಹಿರಿಯ ಗುಮಾಸ್ತರು ಎಲ್ಲಿ ಕುಳಿತಿದ್ದಾರೆ ಎಂದು ಮೊದಲು ವಿಚಾರಿಸಿ. ಅವರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿ. ಕೊನೆಗೆ ಆ ಕಾಗದ ಯಾರ ಕೈಗೆ ಹೋಗಬೇಕೋ ಅವರಿಗೂ ಅದನ್ನು ಓದಿ ನೋಡುವ ಅವಕಾಶ ಕೊಡಿ. ಸದ್ಯಕ್ಕೆ ಒಂದು ಸಣ್ಣ ಕೆಲಸ: ಮನೆಯಲ್ಲಿ ಜಮೀನಿದ್ದರೆ ಅದರ ಪಹಣಿಯನ್ನು ತಂದು, ಹಿರಿಯರ ಜೊತೆ ಕುಳಿತು, ಒಂದೊಂದು ಕಾಲಮ್ಮನ್ನೂ ಓದಿ. ಹೆಸರು ಸರಿಯಾಗಿದೆಯೇ, ತೀರಿಸಿದ ಸಾಲ ಕಾಲಂ 11ರಲ್ಲಿ ಇನ್ನೂ ಉಳಿದಿದೆಯೇ ಎಂದು ನೋಡಿ. ದಾಖಲೆಯನ್ನು ಕಾಯುವ ತಂಡದಲ್ಲಿ ನೀವೂ ಇದ್ದೀರಿ.