ಹನಿಯೊಂದು ಸರಪಳಿಯಾದ ಬಗೆ

ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಯೆರೂಸಲೇಮಿನಲ್ಲಿ ಬಾಳಿದ ಪ್ರವಾದಿ ಯೆಶಾಯನು, ಕೊರಳನ್ನು ನೀಳವಾಗಿ ಚಾಚಿ, ಕಾಲಂದುಗೆಗಳನ್ನು ಘಲಿರೆನಿಸುತ್ತ, ಕಿರುಹೆಜ್ಜೆಯಿಟ್ಟು ನಡೆಯುವ ಚೀಯೋನಿನ ಸ್ತ್ರೀಯರನ್ನು ಕಂಡು, ಈ ಸಿಂಗಾರವೆಲ್ಲವೂ ಒಂದು ದಿನ ಅವರ ಮೈಯಿಂದ ತೊಲಗುವುದೆಂದು ನುಡಿದು, ಹಾಗೆ ತೊಲಗಲಿರುವ 21 ವಸ್ತುಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಕಾಲಂದುಗೆ, ಮೂಗುತಿ, ಮುದ್ರೆಯುಂಗುರ, ಪರಿಮಳದ ಭರಣಿ, ಕನ್ನಡಿ, ಮುಸುಕು ಮೊದಲಾದವುಗಳ ಈ ಪಟ್ಟಿಯಲ್ಲಿ, ಅವನ ಗ್ರಂಥದ ಮೂರನೆಯ ಅಧ್ಯಾಯದ 19ನೆಯ ವಚನದ ಮೊದಲಿಗೇ, ‘ನೆಟಿಫೋತ್’ ಎಂಬ ಬಹುವಚನರೂಪದ ಹೀಬ್ರೂ ಶಬ್ದವೊಂದು ಬರುತ್ತದೆ. 1611ರಲ್ಲಿ ಇಂಗ್ಲೆಂಡಿನ ದೊರೆ ಜೇಮ್ಸನ ಆಜ್ಞೆಯಂತೆ ಸಿದ್ಧವಾದ ಇಂಗ್ಲಿಷ್ ಬೈಬಲಿನ ಪಂಡಿತರು ಇದನ್ನು ‘ಸರಪಳಿಗಳು’ ಎಂದು ಭಾಷಾಂತರಿಸಿದರು. ಈ ಒಂದು ಮಾತಿನಿಂದ ಮೂಲದ ಒಡವೆಯು ಎಷ್ಟು ದೂರ ಸರಿಯಿತೆಂಬುದನ್ನು ವಿಚಾರಿಸುವುದು ಕೇವಲ ಕೋಶಕಾರರ ಕೆಲಸವಲ್ಲ. ಪ್ರವಾದಿಯ ವಾಕ್ಯದ ಬಿಗಿಯೇ ಅದನ್ನು ಅವಲಂಬಿಸಿದೆ.

ಆ ಇಂಗ್ಲಿಷ್ ಬೈಬಲಿನಲ್ಲಿ ‘ಸರಪಳಿ’ ಎಂಬ ಒಂದೇ ಶಬ್ದವು ಅನೇಕ ಹೀಬ್ರೂ ಶಬ್ದಗಳನ್ನು ತನ್ನೊಳಗೆ ಅಡಗಿಸಿಕೊಂಡಿದೆ. ಫರೋಹನು ಯೋಸೇಫನ ಕೊರಳಿಗೆ ಹಾಕಿದ ಚಿನ್ನದ ಹಾರವು ‘ರಾವೀದ್’. ಜ್ಞಾನೋಕ್ತಿಗಳಲ್ಲಿ ತಂದೆತಾಯಿಗಳ ಉಪದೇಶಕ್ಕೆ ಹೋಲಿಸಲ್ಪಟ್ಟ ಕಂಠಾಭರಣವು ‘ಅನಾಕ್’. ಪರಮಗೀತದ ವಧುವಿನ ಕೊರಳಲ್ಲಿರುವ ಪೋಣಿಸಿದ ಮಣಿಗಳು ‘ಹರೂಜೀಮ್’. ವಾಸ್ತವವಾಗಿ ಸರಪಳಿಯೆನ್ನಿಸಿಕೊಳ್ಳಲು ತಕ್ಕುದು ‘ಶರ್ಶೆರಾ’ ಎಂಬುದೊಂದುಂಟು. ಮಹಾಯಾಜಕನ ಎದೆಪದಕವನ್ನು ಹೆಗಲ ಜವೆಗಳಿಗೆ ಬಿಗಿಯುವುದಕ್ಕಾಗಿ ಚೊಕ್ಕ ಬಂಗಾರವನ್ನು ಹುರಿಯಂತೆ ಹೊಸೆದು ಮಾಡಬೇಕೆಂದು ವಿಮೋಚನಕಾಂಡವು ವಿಧಿಸುವುದೂ, ಸೊಲೊಮೋನನ ದೇವಾಲಯದ ಮುಂದಿನ ಎರಡು ಕಂಬಗಳ ಬೋದಿಗೆಗಳನ್ನು ಅಲಂಕರಿಸಿದುದೂ ಇದೇ. ಅದರ ಉಚ್ಚಾರಣೆಯಲ್ಲಿಯೇ ಕೊಂಡಿಗೆ ಕೊಂಡಿ ಸೇರಿದಂತೆ ಧ್ವನಿಯು ಇಮ್ಮಡಿಸುತ್ತದೆ. ನೆಟಿಫೋತ್ ಈ ಕುಲಕ್ಕೆ ಸೇರಿದುದಲ್ಲ.

ಅದರ ಧಾತು ನ–ಟ–ಫ, ಅರ್ಥ, ತೊಟ್ಟಿಕ್ಕುವುದು. ನ್ಯಾಯಸ್ಥಾಪಕರ ಗ್ರಂಥದಲ್ಲಿ ದೆಬೋರಳ ಹಾಡಿನೊಳಗೆ ಆಕಾಶವು ಹನಿಗರೆಯುವುದು ಈ ಧಾತುವಿನಿಂದ. ಪರಮಗೀತದಲ್ಲಿ ವಧುವಿನ ತುಟಿಯಿಂದ ಜೇನೂ ಬೆರಳುಗಳಿಂದ ರಕ್ತಬೋಳವೂ ತೊಟ್ಟಿಕ್ಕುವುದು ಇದರಿಂದಲೇ. ಪವಿತ್ರ ಧೂಪದಲ್ಲಿ ಬೆರೆಸುತ್ತಿದ್ದ, ಮರದಿಂದ ಹನಿಹನಿಯಾಗಿ ಒಸರುವ ಸುಗಂಧರಸಕ್ಕೆ ‘ನಾಟಾಫ್’ ಎಂದು ಹೆಸರು. ಇನ್ನೂ ಸೋಜಿಗವೆಂದರೆ, ಆಮೋಸ ಮತ್ತು ಮೀಕರ ಗ್ರಂಥಗಳಲ್ಲಿ ಪ್ರವಾದಿಯು ದೇವವಾಣಿಯನ್ನು ಸಾರುವುದಕ್ಕೂ ಇದೇ ಕ್ರಿಯಾಪದವು ಸಲ್ಲುತ್ತದೆ; ಮಾತು ಕೂಡ ತೊಟ್ಟಿಕ್ಕುವ ವಸ್ತುವೆಂದು ಆ ಜನ ಬಗೆದಿದ್ದರು. ಸೋದರಭಾಷೆಯಾದ ಅರಬ್ಬಿಯಲ್ಲಿಯೂ ಇದೇ ಧಾತುವಿನಿಂದ ಹುಟ್ಟಿದ ಶಬ್ದವೊಂದು ಮುತ್ತನ್ನೂ ಕಿವಿಯೋಲೆಯನ್ನೂ ಸೂಚಿಸುವುದು. ಆದುದರಿಂದ ನೆಟಿಫೋತ್ ಎಂದರೆ ಹನಿಯ ಆಕಾರದಲ್ಲಿ ಇಳಿಬಿದ್ದು ತೂಗುವ ಒಡವೆ. ಬೀಳಲಿರುವ ಹನಿಯು ಬೀಳದೆ ನಿಂತ ಕ್ಷಣವನ್ನು ಅಕ್ಕಸಾಲಿಗನು ಚಿನ್ನದಲ್ಲಿ ಹಿಡಿದಿಟ್ಟ ರೂಪ.

ಈ ಶಬ್ದವು ಹೀಬ್ರೂ ಧರ್ಮಗ್ರಂಥದಲ್ಲಿ ಎರಡೇ ಸ್ಥಳಗಳಲ್ಲಿ ದೊರೆಯುತ್ತದೆ. ಯೆಶಾಯನಲ್ಲದೆ ಮತ್ತೊಂದು, ಗಿದ್ಯೋನನು ಮಿದ್ಯಾನ್ಯರನ್ನು ಸೋಲಿಸಿದ ಕಥೆ. ಗೆದ್ದ ಜನರು ಕಂಬಳಿಯನ್ನು ಹಾಸಿ, ಕೊಳ್ಳೆಯ ಮುರುವುಗಳನ್ನು ಅದರ ಮೇಲೆ ಒಬ್ಬೊಬ್ಬರಾಗಿ ಹಾಕುತ್ತಾರೆ; ಆ ಚಿನ್ನದ ತೂಕ 1,700 ಶೆಕೆಲ್, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 19 ಕಿಲೋಗ್ರಾಂ. ಇದರ ಹೊರತಾಗಿ ದೊರೆತವೆಂದು ಗ್ರಂಥವು ಎಣಿಸುವ ಸಾಮಗ್ರಿಗಳು: ‘ಸಹರೋನೀಮ್’ ಎಂಬ ಅರ್ಧಚಂದ್ರಾಕೃತಿಯ ಪದಕಗಳು, ನೆಟಿಫೋತ್, ಮಿದ್ಯಾನಿನ ಅರಸರು ಧರಿಸುತ್ತಿದ್ದ ಧೂಮ್ರವರ್ಣದ ವಸ್ತ್ರಗಳು, ಒಂಟೆಗಳ ಕೊರಳ ಮಾಲೆಗಳು. ಒಂಟೆಯ ಕೊರಳಿನದಕ್ಕೆ ಇಲ್ಲಿ ಬೇರೆಯೇ ಶಬ್ದವಿರುವುದರಿಂದ, ನೆಟಿಫೋತ್ ಕೊರಳ ಮಾಲೆಗಿಂತ ಭಿನ್ನವಾದ ವಸ್ತುವೆಂಬುದು ಆ ಒಂದು ವಚನದಿಂದಲೇ ಸ್ಪಷ್ಟವಾಗುವುದು.

ಎರಡು ಸ್ಥಳಗಳಲ್ಲಿಯೂ ನೆಟಿಫೋತ್ ಎಂಬುದಕ್ಕೆ ಒತ್ತಿಕೊಂಡೇ ಹಿಂದೆ ಸಹರೋನೀಮ್ ಬಂದಿರುವುದನ್ನು ಗಮನಿಸಬೇಕು. ಯೆಶಾಯನಲ್ಲಿ 18ನೆಯ ವಚನವು ಅರ್ಧಚಂದ್ರಗಳಿಂದ ಮುಗಿದು 19ನೆಯದು ಹನಿಗಳಿಂದ ತೊಡಗುವುದರಿಂದ, ವಚನದ ಗೆರೆಯು ಈ ಜೋಡಿಯನ್ನು ಅಗಲಿಸಿ ಓದುಗನ ಕಣ್ಣನ್ನು ತಪ್ಪಿಸಿದೆ. ಬಾಗಿದ ಚಂದ್ರರೇಖೆ, ಅದರೊಡನೆ ಇಳಿಬಿದ್ದ ಬಿಂದು: ಇವು ಒಂದೇ ಕುಶಲಿಗನ ಕೈಯಿಂದ ಜೊತೆಯಾಗಿ ಹೊರಡುತ್ತಿದ್ದ ಒಡವೆಗಳೆಂದು ಊಹಿಸುವುದು ಅನುಚಿತವಾಗದು. 1930ರಿಂದ ಕೆಲವು ವರ್ಷ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿಯು ಗಾಜಾದ ಸಮೀಪದ ತೆಲ್ ಎಲ್-ಅಜ್ಜೂಲ್ ದಿಬ್ಬವನ್ನು ಅಗೆಸಿದಾಗ, ಈ ಗ್ರಂಥಗಳಿಗಿಂತ ಶತಮಾನಗಳಷ್ಟು ಹಳೆಯದಾದ ಚಿನ್ನದ ಅರ್ಧಚಂದ್ರಗಳು ಮಣ್ಣಿನಿಂದ ಎದ್ದುಬಂದವು.

ಭಾಷಾಂತರಕಾರರು ಈ ಹನಿಯನ್ನು ತೀರ ಮರೆತವರೇನಲ್ಲ. ಪ್ರಾಚೀನ ಗ್ರೀಕ್ ಭಾಷಾಂತರವು ಇಲ್ಲಿ ಬಳಸಿದ ‘ಕಾಥೆಮಾ’ ಎಂಬುದಕ್ಕೆ ಇಳಿಬಿಟ್ಟದ್ದು ಎಂದೇ ಮೂಲಾರ್ಥ. 1611ರ ಪಂಡಿತರೂ ಅಂಚಿನಲ್ಲಿ ‘ಪರಿಮಳದ ಗುಂಡುಗಳು’ ಎಂಬ ಪಾಠಾಂತರವನ್ನು ಬರೆದಿಟ್ಟಿದ್ದಾರೆ. ಧೂಪದ ನಾಟಾಫ್ ಅವರ ಮನಸ್ಸಿನಲ್ಲಿ ಸುಳಿದಿರಬೇಕು. ಆದರೆ ಅಂಚಿನ ಮಾತು ಅಂಚಿನಲ್ಲಿಯೇ ಉಳಿದು, 1885ರ ಪರಿಷ್ಕೃತ ಪ್ರತಿಯಲ್ಲಷ್ಟೇ ಸರಪಳಿಯು ಹೋಗಿ ‘ತೂಗುಪದಕ’ವು ಬಂದಿತು. ತೂಗಾಡುವ ಗುಣದಿಂದಲೇ ಲೋಲಾಕು ಎಂಬ ಹೆಸರನ್ನು ಕಿವಿಯೊಡವೆಗೆ ಇಟ್ಟುಕೊಂಡ ಕನ್ನಡಿಗರಿಗೆ ಈ ತಿದ್ದುಪಡಿಯ ಔಚಿತ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟಾಗಿ, ಸರಪಳಿಯೆಂದರೆ ನಷ್ಟವೇನು? ಪ್ರವಾದಿಯು ತನ್ನ ಪಟ್ಟಿಯನ್ನು ಮುಗಿಸಿದೊಡನೆ 24ನೆಯ ವಚನದಲ್ಲಿ, ಸುಗಂಧವಿದ್ದಲ್ಲಿ ದುರ್ನಾತವೂ ನಡುಕಟ್ಟಿದ್ದಲ್ಲಿ ಹಗ್ಗವೂ ಬರುವುದೆಂದು ಹೇಳುತ್ತಾನೆ. ಸೆರೆಯ ಸುಳಿವು ವಾಕ್ಯದೊಳಗೆ ಪ್ರವೇಶಿಸುವುದು ಆ ಹಗ್ಗದೊಡನೆಯೇ. ಅಲ್ಲಿಯವರೆಗೆ ಅವನು ಎಣಿಸಿದುದೆಲ್ಲ ಮಿನುಗುವ, ನುಣುಪಾದ, ಕೋಮಲವಾದ ವಸ್ತುಗಳು. ಅವುಗಳ ನಡುವೆ ಸರಪಳಿಯನ್ನಿಟ್ಟರೆ ಸಂಕೋಲೆಯ ಸದ್ದು ಅಕಾಲದಲ್ಲಿ ಕೇಳಿಸಿ, ಕೊನೆಯ ಹಗ್ಗದ ಬಿಗಿತವು ಸಡಿಲವಾಗುತ್ತದೆ. ಹನಿಯು ಹನಿಯಾಗಿಯೇ ತೂಗುತ್ತಿದ್ದರೆ ಮಾತ್ರ, ಅದು ಜಾರಿಬಿದ್ದ ಮೇಲೆ ನಡುವಿಗೆ ಬಂದು ಬಿಗಿಯುವ ಆ ಹಗ್ಗದ ಒರಟು ನಮ್ಮ ಮೈಗೂ ತಟ್ಟುವುದು.